ಸಾಲ ತೀರಿಸುವ ದಿನಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಸಾಲ ತೀರಿಸುತ್ತಿರುವವರು, ಅವರ ಜೊತೆ ಒಂದೇ ಸೂರಿನಡಿ ಇರುವವರು, ದೂರದಿಂದ ನೋಡಿ ಸಂಕಟಪಡುವವರು. ಮಾತಿಗೆ ಸಿಕ್ಕಾಗ, ಪತ್ರ ಬರೆದಾಗ ಇವರೆಲ್ಲ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಅವನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಸುಲಭದವು ಮೊದಲು, ತೊಡಕಿನವು ಆಮೇಲೆ. ಲೆಕ್ಕ ಬಂದ ಕಡೆ ಬರೀ ಸಂಖ್ಯೆ ಕೊಟ್ಟಿದ್ದೇನೆ. ನೀವು ಯಾವ ಹಣದಲ್ಲಿ ಸಂಬಳ ಪಡೆಯುತ್ತೀರೋ ಅದನ್ನೇ ಇಟ್ಟುಕೊಂಡು ಓದಿ.

## ಶುರುವಿನಲ್ಲಿ

ಎಲ್ಲಿಂದ ಶುರು ಮಾಡ್ಬೇಕು ಅಂತಾನೇ ಗೊತ್ತಾಗ್ತಿಲ್ಲ. ಮೊದಲು ಏನು ಮಾಡ್ಲಿ?

ಒಂದು ಹಾಳೆ ತಗೊಂಡು ಎಲ್ಲ ಸಾಲವನ್ನೂ ಬರೆಯಿರಿ. ಯಾರಿಗೆ ಕೊಡಬೇಕು, ಇವತ್ತಿಗೆ ಬಾಕಿ ಎಷ್ಟು, ಬಡ್ಡಿ ಎಷ್ಟು, ಕಂತು ಎಷ್ಟು, ಯಾವ ತಾರೀಖು, ಏನು ಅಡ ಇಟ್ಟಿದ್ದೀರಿ, ಜಾಮೀನು ಯಾರು. ಕೈಸಾಲವೂ ಇದರಲ್ಲಿ ಬರಬೇಕು. ಕಾಗದಪತ್ರ ಇಲ್ಲ ಅನ್ನುವ ಕಾರಣಕ್ಕೆ ಅದನ್ನು ಬಿಡುವವರೇ ಜಾಸ್ತಿ. ಆಮೇಲೆ ನಿದ್ದೆ ಕೆಡಿಸುವುದೂ ಅದೇ.

ಒಟ್ಟು ಮೊತ್ತ ನೋಡಿ ಎದೆ ಧಸಕ್ಕೆನ್ನಬಹುದು. ಆ ದಿನ ಬೇರೆ ಯಾವ ನಿರ್ಧಾರವನ್ನೂ ಮಾಡಬೇಡಿ. ಮಾಡಬೇಕಾದ್ದು ಒಂದೇ: ಹೊಸ ಸಾಲದ ಬಾಗಿಲು ಮುಚ್ಚುವುದು. ಕಾರ್ಡನ್ನು ಪರ್ಸಿನಿಂದ ತೆಗೆದಿಡಿ, ಶಾಪಿಂಗ್ ಆಪ್‌ಗಳಲ್ಲಿ ಸೇವ್ ಮಾಡಿರುವ ಕಾರ್ಡ್ ನಂಬರ್ ಅಳಿಸಿ. ಮುಂದಿನ ಒಂದು ತಿಂಗಳು ಖರ್ಚು ಕಡಿಮೆ ಮಾಡಲು ಹೋಗದೆ ಸುಮ್ನೆ ಬರೆದಿಡಿ. ಎಲ್ಲಿ ಸೋರುತ್ತಿದೆ ಅಂತ ಗೊತ್ತಾಗದೆ ಕತ್ತರಿ ಹಾಕಿದರೆ ಬೇಡದ ಕಡೆ ಕತ್ತರಿಸುತ್ತೀರಿ.

ಮನೆಯವರಿಗೆ ಸಾಲದ ವಿಷಯ ಹೇಳೇ ಇಲ್ಲ. ಎಲ್ಲಾ ತೀರಿದ ಮೇಲೆ ಹೇಳಿದ್ರೆ ಆಗಲ್ವಾ?

ಆಗಲ್ಲ. ನೀತಿಯ ಮಾತು ಪಕ್ಕಕ್ಕಿರಲಿ, ಇದು ಲೆಕ್ಕದ ಮಾತು. ಗುಟ್ಟಾಗಿ ಸಾಲ ತೀರಿಸುವವರಿಗೆ ಖರ್ಚು ಕಡಿಮೆ ಮಾಡುವ ದಾರಿಯೇ ಇರುವುದಿಲ್ಲ. ಏನನ್ನಾದರೂ ಬೇಡ ಅಂದರೆ ಯಾಕೆ ಅಂತ ಕೇಳುತ್ತಾರೆ. ಹಾಗಾಗಿ ಎಲ್ಲದಕ್ಕೂ ಹೂಂ ಅನ್ನುತ್ತೀರಿ, ಆ ಹೂಂಗೆ ಇನ್ನೊಂದು ಸಾಲ ಮಾಡುತ್ತೀರಿ.

ಹೇಳುವಾಗ ಪೂರ್ತಿ ಹೇಳಿ. ಅರ್ಧ ಮೊತ್ತ ಇವತ್ತು, ಉಳಿದದ್ದು ಅವರ ಸಿಟ್ಟು ಇಳಿದ ಮೇಲೆ ಅನ್ನುವ ಆಸೆ ಬರುತ್ತದೆ. ಎರಡನೇ ಸಲ ಹೊರಬಂದದ್ದು ಮೊದಲನೆಯದಕ್ಕಿಂತ ಹೆಚ್ಚು ನೋಯಿಸುತ್ತದೆ. ಬರೆದ ಹಾಳೆಯನ್ನೇ ಮುಂದಿಡಿ. ಅದೇ ದಿನ ಪರಿಹಾರ ಬೇಕು ಅಂತ ಹಟ ಬೇಡ. ಕೇಳಿದವರಿಗೂ ಅರಗಿಸಿಕೊಳ್ಳಲು ನಾಲ್ಕು ದಿನ ಬೇಕು. ನೀವು ಹೇಳಿಸಿಕೊಂಡವರಾಗಿದ್ದರೆ, “ಇಷ್ಟೇನಾ, ಇನ್ನೂ ಇದೆಯಾ?” ಅಂತ ಒಂದೇ ಸಲ, ಮೆಲ್ಲಗೆ ಕೇಳಿ. ಯಾಕೆ ಮಾಡಿದೆ ಅನ್ನುವುದು ಇನ್ನೊಂದು ದಿನದ ಮಾತು.

ತಪ್ಪದೆ ಕಾರ್ಡ್ ಬಿಲ್ ಕಟ್ತಿದ್ದೀನಿ, ಸಾಲ ಮಾತ್ರ ಕರಗ್ತಾನೇ ಇಲ್ಲ. ಯಾಕೆ?

ನೀವು ಕಟ್ಟುತ್ತಿರುವುದು ಬಿಲ್ಲಿನಲ್ಲಿ ಬರುವ “ಕನಿಷ್ಠ ಮೊತ್ತ” ಇರಬೇಕು. ಒಂದು ಲೆಕ್ಕ ನೋಡಿ. ಬಾಕಿ 50,000. ಬಡ್ಡಿ ತಿಂಗಳಿಗೆ 3%. ಕನಿಷ್ಠ ಮೊತ್ತ ಬಾಕಿಯ 5%. ಮೊದಲ ತಿಂಗಳು ಬಡ್ಡಿ ಸೇರಿ 51,500 ಆಗುತ್ತದೆ, ನೀವು 2,575 ಕಟ್ಟುತ್ತೀರಿ. ಬಾಕಿ ಇಳಿದ ಹಾಗೆ ಕನಿಷ್ಠ ಮೊತ್ತವೂ ಇಳಿಯುತ್ತಾ ಹೋಗುತ್ತದೆ. ಇದೇ ರೀತಿ ನಡೆದರೆ ಸಾಲ ಅರ್ಧಕ್ಕೆ ಬರಲು 32 ತಿಂಗಳು ಬೇಕು. ಅಷ್ಟರಲ್ಲಿ ನಿಮ್ಮ ಕೈಯಿಂದ ಸುಮಾರು 60,000 ಹೋಗಿರುತ್ತದೆ. ಬಾಕಿ ಇನ್ನೂ 25,000!

ಈಗ ಒಂದೇ ಒಂದು ಬದಲಾವಣೆ ಮಾಡಿ. ಬಿಲ್ಲಿನಲ್ಲಿ ಕನಿಷ್ಠ ಮೊತ್ತ ಎಷ್ಟಕ್ಕೇ ಇಳಿಯಲಿ, ಪ್ರತಿ ತಿಂಗಳೂ ಅದೇ 2,575 ಕಟ್ಟಿ. ಇಡೀ ಸಾಲ 30 ತಿಂಗಳಲ್ಲಿ ಮುಗಿಯುತ್ತದೆ. ಮೊದಲ ತಿಂಗಳು ಹೇಗೋ ಹೊಂದಿಸಿದ ಹಣಕ್ಕಿಂತ ಒಂದು ಕಾಸೂ ಜಾಸ್ತಿ ಬೇಕಿಲ್ಲ. ನನ್ನನ್ನು ಕೇಳಿದರೆ, ಈ ಪುಟದಲ್ಲಿ ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಆದರೆ ಆ ಕಾರ್ಡಿನಲ್ಲಿ ಹೊಸ ಖರೀದಿ ಮಾತ್ರ ನಿಲ್ಲಬೇಕು.

ಕೈ ಬಿಗಿ ಹಿಡಿಯೋದು ಅಂದ್ರೆ ಎಲ್ಲಾ ಸಂತೋಷನೂ ಬಿಡ್ಬೇಕಾ?

ಎಲ್ಲವನ್ನೂ ಬಿಟ್ಟವರು ಮೂರನೇ ತಿಂಗಳಲ್ಲಿ ಒಂದೇ ಸಲಕ್ಕೆ ಎಲ್ಲವನ್ನೂ ಕೊಂಡುಬಿಡುತ್ತಾರೆ. ಹಟಕ್ಕೆ ಬಿದ್ದ ಮಿತವ್ಯಯದ ಗತಿ ಸಾಮಾನ್ಯವಾಗಿ ಇದೇ.

ಸಣ್ಣಪುಟ್ಟ ಖರ್ಚಿನ ಮೇಲೆ ದಿನವೂ ಜಗಳ ಆಡುವ ಬದಲು ದೊಡ್ಡ ಖರ್ಚುಗಳನ್ನು ಒಂದು ಸಲ ಕೂತು ನೋಡಿ. ಮನೆ ಬಾಡಿಗೆ, ಓಡಾಟ, ವಿಮೆ, ಪ್ರತಿ ತಿಂಗಳು ತಾನಾಗಿಯೇ ಕಡಿತವಾಗುವ ಚಂದಾಗಳು. ಇಲ್ಲಿ ಒಮ್ಮೆ ಮಾಡಿದ ನಿರ್ಧಾರ ತಿಂಗಳು ತಿಂಗಳು ಉಳಿಸುತ್ತದೆ, ಮತ್ತೆ ಮತ್ತೆ ಮನಸ್ಸು ಗಟ್ಟಿ ಮಾಡಿಕೊಳ್ಳಬೇಕಿಲ್ಲ. ಅದಾದ ಮೇಲೂ ಸಾಲದಿದ್ದರೆ ಚಿಕ್ಕ ಖರ್ಚಿಗೆ ಬನ್ನಿ. ಮನೆಯ ಒಬ್ಬೊಬ್ಬರೂ ತಮಗೆ ಬಿಡಲಾಗದ ಒಂದು ಸುಖವನ್ನು ಹೆಸರಿಸಲಿ. ಅದನ್ನು ಮುಟ್ಟಬೇಡಿ.

ದಿನದ ಖರ್ಚಿಗೆ ಕೈಯಲ್ಲಿ ನಗದು ಹಿಡಿಯುವುದೂ ಒಳ್ಳೆಯದು. 2001ರಲ್ಲಿ ಡ್ರೇಜನ್ ಪ್ರೆಲೆಕ್ ಮತ್ತು ಡಂಕನ್ ಸಿಮೆಸ್ಟರ್ ಎಂಬ ಸಂಶೋಧಕರು ಪಂದ್ಯದ ಟಿಕೆಟ್‌ಗಳನ್ನು ವಿದ್ಯಾರ್ಥಿಗಳ ನಡುವೆ ಹರಾಜಿಗಿಟ್ಟರು. ಕಾರ್ಡಿನಲ್ಲಿ ಕೊಡಬೇಕು ಅಂತ ಹೇಳಿಸಿಕೊಂಡವರು ನಗದು ಕೊಡಬೇಕಾದವರಿಗಿಂತ ತುಂಬಾ ಜಾಸ್ತಿ ಕೂಗಿದರು. ಎಣಿಸಿ ಕೊಡುವಾಗ ಆಗುವ ಸಂಕಟ ನಮ್ಮ ಪರವಾಗಿ ಕೆಲಸ ಮಾಡುತ್ತದೆ.

ಸಾಲ ಇಟ್ಕೊಂಡು ಉಳಿತಾಯ ಮಾಡೋದು ದಡ್ಡತನ ಅಲ್ವಾ?

ಬಡ್ಡಿ ಲೆಕ್ಕದಲ್ಲಿ ನೋಡಿದರೆ ದಡ್ಡತನವೇ. ಉಳಿತಾಯಕ್ಕೆ ಬರುವ ಬಡ್ಡಿಗಿಂತ ಸಾಲಕ್ಕೆ ಕೊಡುವ ಬಡ್ಡಿ ಸಾಮಾನ್ಯವಾಗಿ ಜಾಸ್ತಿ ಇರುತ್ತದೆ. ಆದರೆ ಕೈಯಲ್ಲಿ ಏನೂ ಇಲ್ಲದವರ ಗಾಡಿ ಕೆಟ್ಟರೆ, ಹಲ್ಲು ನೋವು ಬಂದರೆ ಮತ್ತೆ ಸಾಲಕ್ಕೇ ಕೈಚಾಚಬೇಕು. ಅದಕ್ಕೇ ಮೊದಲು ಒಂದು ತಿಂಗಳ ಮನೆ ಖರ್ಚಿನಷ್ಟು ಪಕ್ಕಕ್ಕಿಡಿ. ಅಷ್ಟಾದ ಮೇಲೆ ಮಿಕ್ಕದ್ದೆಲ್ಲ ಸಾಲಕ್ಕೆ.

## ಮನೆಯೊಳಗೆ, ಸುತ್ತಮುತ್ತ

ನಾನು ಒಂದೊಂದು ಕಾಸೂ ಉಳಿಸ್ತೀನಿ, ಇವರು ಖರ್ಚು ಮಾಡ್ತಾನೇ ಇರ್ತಾರೆ. ಹೇಗೆ ಹೇಳೋದು?

ಇಬ್ಬರಿಗೂ ಒಂದಿಷ್ಟು ಕೈಖರ್ಚಿನ ಹಣ ಇರಲಿ. ಇಬ್ಬರಿಗೂ ಸಮ, ಯಾರು ಎಷ್ಟೇ ಸಂಪಾದಿಸಲಿ. ಅದನ್ನು ಏನು ಮಾಡಿದಿರಿ ಅಂತ ಯಾರೂ ಯಾರನ್ನೂ ಕೇಳಬಾರದು. ಮೊತ್ತ ಚಿಕ್ಕದಾದರೂ ಪರವಾಗಿಲ್ಲ, ಕೇಳದೆ ಇರುವುದೇ ಮುಖ್ಯ. ಅದರಾಚೆಗೆ ಒಂದು ಮಿತಿ ಗೊತ್ತು ಮಾಡಿಕೊಳ್ಳಿ: ಇಷ್ಟಕ್ಕಿಂತ ಮೇಲಿನದನ್ನು ಕೊಳ್ಳುವ ಮುಂಚೆ ಒಬ್ಬರಿಗೊಬ್ಬರು ಹೇಳಬೇಕು, ಒಂದು ರಾತ್ರಿ ಕಳೆಯಬೇಕು.

ಇನ್ನೊಂದು ಮಾತು. ಉಳಿಸುವವರು ಕಾವಲುಗಾರರಾದರೆ ಖರ್ಚು ಮಾಡುವವರು ಕಳ್ಳರಾಗುತ್ತಾರೆ. ರಸೀದಿ ಬಚ್ಚಿಡುತ್ತಾರೆ, ಬೆಲೆ ಕಡಿಮೆ ಹೇಳುತ್ತಾರೆ. ಅದಕ್ಕೇ ಲೆಕ್ಕದ ಪುಸ್ತಕ ಒಬ್ಬರ ಕೈಯಲ್ಲೇ ಇರಬಾರದು. ಒಂದು ತಿಂಗಳು ನೀವು ಕಂತು ಕಟ್ಟಿ, ಇನ್ನೊಂದು ತಿಂಗಳು ಅವರು ಕಟ್ಟಲಿ. ತಿಂಗಳ ಕೊನೆಯಲ್ಲಿ ಮಿಕ್ಕದ್ದು ಎಷ್ಟು ಅಂತ ಕಣ್ಣಾರೆ ಕಂಡವರಿಗೆ ಬೇರೆ ಉಪದೇಶ ಬೇಕಾಗುವುದಿಲ್ಲ.

ಹಣದ ಮಾತು ಎತ್ತಿದ್ರೆ ಸಾಕು, ಜಗಳದಲ್ಲೇ ಮುಗಿಯುತ್ತೆ. ಏನು ಮಾಡೋದು?

ಬಿಲ್ ಬಂದ ಕ್ಷಣದಲ್ಲಿ, ರಾತ್ರಿ ಮಲಗುವ ಹೊತ್ತಿಗೆ, ಹೊಟ್ಟೆ ಹಸಿದಾಗ ಈ ಮಾತು ಎತ್ತಬೇಡಿ. ವಾರಕ್ಕೊಂದು ದಿನ, ಒಂದೇ ಹೊತ್ತು, ಅರ್ಧ ಗಂಟೆ. ಈ ವಾರ ಏನು ಬಂತು, ಏನು ಹೋಯಿತು, ಮುಂದಿನ ವಾರ ಏನಿದೆ ಅಂತ ನೋಡಿ ಎದ್ದುಬಿಡಿ. ಹಳೆಯದನ್ನು ಕೆದಕಬೇಡಿ. ಮೊದಮೊದಲು ಈ ಅರ್ಧ ಗಂಟೆಯೂ ಕಷ್ಟ, ಬಿಡದೆ ಕೂತರೆ ಬರಬರುತ್ತಾ ಬೇಜಾರು ಹಿಡಿಸುವಷ್ಟು ಸಪ್ಪೆಯಾಗುತ್ತದೆ. ಹಾಗೆ ಸಪ್ಪೆಯಾದರೆ ಒಳ್ಳೆಯ ಲಕ್ಷಣ.

ಮಕ್ಕಳಿಗೆ ಹೇಳ್ಬೇಕಾ?

ಮೊತ್ತ ಹೇಳಬೇಕಿಲ್ಲ, ವಿಷಯ ಹೇಳಿ. ಅಪ್ಪ ಅಮ್ಮ ಪಿಸುಗುಟ್ಟುವುದನ್ನು ಮಕ್ಕಳು ಹೇಗೂ ಗಮನಿಸಿರುತ್ತಾರೆ, ತಮ್ಮಿಂದಲೇ ಏನೋ ಆಗಿದೆ ಅಂದುಕೊಳ್ಳುತ್ತಾರೆ. “ಒಂದಿಷ್ಟು ಹಣ ವಾಪಸ್ ಕೊಡಬೇಕು, ಅದಕ್ಕೆ ಸ್ವಲ್ಪ ದಿನ ಕೈ ಬಿಗಿ. ಇದು ನಿನ್ನಿಂದ ಆದದ್ದಲ್ಲ, ಇದನ್ನು ಸರಿ ಮಾಡುವ ಕೆಲಸವೂ ನಿನ್ನದಲ್ಲ.” ಇಷ್ಟು ಸಾಕು. ಹದಿಹರೆಯದವರಿಗಾದರೆ ಬಡ್ಡಿಯ ಲೆಕ್ಕ ತೋರಿಸಿ. ಸಾಲ ಕೊಟ್ಟವರ ಫೋನಿಗೆ ಮಾತ್ರ ಮಕ್ಕಳ ಕೈಯಲ್ಲಿ ಸುಳ್ಳು ಹೇಳಿಸಬೇಡಿ.

ಗೆಳೆಯರು ಕರೆದಾಗೆಲ್ಲ ಏನೋ ನೆಪ ಹೇಳಿ ತಪ್ಪಿಸ್ಕೋತೀನಿ. ಒಂಟಿ ಆಗ್ತಿದ್ದೀನಿ ಅನ್ಸುತ್ತೆ.

ಒಬ್ಬರಿಗೆ ನಿಜ ಹೇಳಿ. ಎಲ್ಲರಿಗೂ ಹೇಳಬೇಕಿಲ್ಲ. “ಈ ವರ್ಷ ಸಾಲ ತೀರಿಸ್ತಿದ್ದೀನಿ, ಖರ್ಚಿನ ಕಡೆ ಬರಲ್ಲ, ಸುಮ್ನೆ ನಡೆದಾಡೋಕೆ ಬರ್ತೀನಿ” ಅಂದರೆ ಸಾಕು. ಹಾಗೆ ಹೇಳಿದಾಗ “ನಂದೂ ಅದೇ ಕಥೆ” ಅನ್ನುವ ಉತ್ತರ ಬಂದರೆ ಆಶ್ಚರ್ಯಪಡಬೇಡಿ. ಹಾಗೆ ಸಿಕ್ಕ ಇಬ್ಬರು ತಿಂಗಳಿಗೊಮ್ಮೆ ತಮ್ಮ ತಮ್ಮ ಬಾಕಿ ಎಷ್ಟು ಇಳಿಯಿತು ಅಂತ ಹೇಳಿಕೊಳ್ಳುವ ರೂಢಿ ಇಟ್ಟುಕೊಂಡರೆ ಇನ್ನೂ ಒಳ್ಳೆಯದು. ಅಮೆರಿಕದಲ್ಲಿ 1976ರಲ್ಲಿ ಶುರುವಾದ ಡೆಟರ್ಸ್ ಅನಾನಿಮಸ್ ಎಂಬ ಕೂಟ ನಿಂತಿರುವುದೇ ಇದರ ಮೇಲೆ. ಸಾಲಗಾರರು ಒಟ್ಟಿಗೆ ಕೂತು ಮಾತಾಡುತ್ತಾರೆ. ಅಲ್ಲಿ ಯಾರೂ ಯಾರಿಗೂ ಹಣ ಕೊಡುವುದಿಲ್ಲ.

ತಂಗಿ ಸಾಲದಲ್ಲಿ ಮುಳುಗಿದ್ದಾಳೆ. ಕೊಡೋಕೆ ನನ್ನ ಹತ್ರ ದುಡ್ಡಿಲ್ಲ. ಬೇರೆ ಹೇಗೆ ಸಹಾಯ ಮಾಡ್ಲಿ?

ದುಡ್ಡಿಲ್ಲದಿರುವುದೇ ಎಷ್ಟೋ ಸಲ ವಾಸಿ. ಅವಳಿಗೆ ಈಗ ಕಡಿಮೆ ಇರುವುದು ಹಣ ಒಂದೇ ಅಲ್ಲ, ತಲೆಗೆ ಬಿಡುವೂ ಇಲ್ಲ. 2013ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. ಕಬ್ಬು ಬೆಳೆಗಾರರಿಗೆ ಕಟಾವಿಗೆ ಮುಂಚೆ ಒಂದು ಸಲ, ಹಣ ಕೈಗೆ ಬಂದ ಮೇಲೆ ಇನ್ನೊಂದು ಸಲ ಯೋಚನಾಶಕ್ತಿಯ ಪರೀಕ್ಷೆ ಕೊಟ್ಟಿದ್ದರು. ಅದೇ ರೈತರು, ಕೈ ಬರಿದಾಗಿದ್ದಾಗ ಅಂಕ ಕಡಿಮೆ. ಹಾಗಾಗಿ ತಂಗಿ ತಾರೀಖು ಮರೆತರೆ, ಪತ್ರ ಒಡೆಯದೆ ಇಟ್ಟರೆ ಅದನ್ನು ಬೇಜವಾಬ್ದಾರಿ ಅಂದುಕೊಳ್ಳಬೇಡಿ.

ನೀವು ಮಾಡಬಹುದಾದ್ದು ಬೇಕಾದಷ್ಟಿದೆ. ಅವಳ ಪಕ್ಕ ಕೂತು ಆ ಪತ್ರಗಳನ್ನೆಲ್ಲ ಒಡೆದು ಜೋಡಿಸಿ. ಸಾಲ ಕೊಟ್ಟವರಿಗೆ ಫೋನ್ ಮಾಡುವಾಗ ಜೊತೆಗಿರಿ, ಅವರು ಹೇಳಿದ್ದನ್ನು ನೀವು ಬರೆದುಕೊಳ್ಳಿ. ಅವಳು ಹೆಚ್ಚಿನ ಕೆಲಸಕ್ಕೆ ಹೋಗುವ ದಿನ ಮಕ್ಕಳನ್ನು ನೋಡಿಕೊಳ್ಳಿ. ಒಂದೇ ದಾರಿಯಲ್ಲಿ ಹೋಗುವುದಾದರೆ ಜೊತೆಗೆ ಕರೆದುಕೊಂಡು ಹೋಗಿ. ಆದರೆ ಅವಳು ಹೊಸದೇನಾದರೂ ಹಾಕಿಕೊಂಡು ಬಂದಾಗ ಅದರ ಬೆಲೆ ಕೇಳಬೇಡಿ, ದಯವಿಟ್ಟು.

## ಲೆಕ್ಕದ ಪ್ರಶ್ನೆಗಳು

ಜಾಸ್ತಿ ಬಡ್ಡಿ ಇರೋದನ್ನ ಮೊದಲು ತೀರಿಸ್ಲಾ, ಚಿಕ್ಕ ಸಾಲವನ್ನ ಮೊದಲು ಮುಗಿಸ್ಲಾ?

ಎರಡಕ್ಕೂ ಒಂದು ನಿಯಮ ಸಮಾನ. ಎಲ್ಲ ಸಾಲಕ್ಕೂ ಕಟ್ಟಲೇಬೇಕಾದಷ್ಟು ಕಟ್ಟಿ, ಮಿಕ್ಕ ಹಣವನ್ನು ಒಂದೇ ಸಾಲದ ಮೇಲೆ ಹಾಕಬೇಕು. ಹಂಚಬಾರದು. ಆ ಒಂದು ಯಾವುದು ಅನ್ನುವುದಷ್ಟೇ ಪ್ರಶ್ನೆ.

ಜಾಸ್ತಿ ಬಡ್ಡಿಯದನ್ನು ಮೊದಲು ಹಿಡಿದರೆ ಒಟ್ಟು ಬಡ್ಡಿ ಕಡಿಮೆಯಾಗುತ್ತದೆ. ಇದರಲ್ಲಿ ವಾದವಿಲ್ಲ. ಆದರೆ ಮನುಷ್ಯರ ಮನಸ್ಸು ಲೆಕ್ಕದಂತೆ ನಡೆಯುವುದಿಲ್ಲ. ಡೇವಿಡ್ ಗಾಲ್ ಮತ್ತು ಬ್ಲೇಕ್ಲಿ ಮೆಕ್‌ಶೇನ್ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಖಾತೆಗಳನ್ನು ಒಂದೊಂದಾಗಿ ಪೂರ್ತಿ ಮುಚ್ಚುತ್ತಾ ಹೋದವರು ಕೊನೆಗೆ ಎಲ್ಲ ಸಾಲದಿಂದ ಹೊರಬರುವ ಸಾಧ್ಯತೆ ಹೆಚ್ಚು ಅಂತ ಕಂಡಿತು. ಹಾಳೆಯಲ್ಲಿ ಒಂದು ಸಾಲಿನ ಮೇಲೆ ಗೆರೆ ಎಳೆದಾಗ ಬರುವ ಹುರುಪು ಸುಳ್ಳಲ್ಲ.

ನನ್ನ ಸಲಹೆ ಹೀಗೆ: ಎರಡು ಮೂರು ತಿಂಗಳಲ್ಲಿ ಮುಗಿಯುವ ಚಿಕ್ಕ ಸಾಲ ಇದ್ದರೆ ಅದನ್ನು ಮುಗಿಸಿಬಿಡಿ. ಆಮೇಲೆ ಬಡ್ಡಿಯ ಕ್ರಮ ಹಿಡಿಯಿರಿ. ಮುಗಿದ ಸಾಲದ ಕಂತು ಮುಂದಿನ ಸಾಲಕ್ಕೆ ಹೋಗಬೇಕು, ಮನೆ ಖರ್ಚಿಗೆ ಅಲ್ಲ. ಬಡ್ಡಿ ಎಷ್ಟು ಭಯಂಕರ ಅಂತ ತಿಳಿಯಲು ಹಳೆಯ ಉಪಾಯವೊಂದಿದೆ. 72ನ್ನು ವರ್ಷದ ಬಡ್ಡಿ ದರದಿಂದ ಭಾಗಿಸಿದರೆ, ಕಟ್ಟದೆ ಬಿಟ್ಟ ಸಾಲ ಸುಮಾರು ಎಷ್ಟು ವರ್ಷಕ್ಕೆ ದುಪ್ಪಟ್ಟಾಗುತ್ತದೆ ಅಂತ ಸಿಗುತ್ತದೆ. 36% ಆದರೆ ಎರಡೇ ವರ್ಷ. ಇಟಲಿಯ ಲೂಕಾ ಪಚೋಲಿ 1494ರಲ್ಲೇ ಇದನ್ನು ಬರೆದಿಟ್ಟಿದ್ದಾನೆ.

ಬಡ್ಡಿ 10% ಅಷ್ಟೇ ಅಂದ್ರು. ಲೆಕ್ಕ ಹಾಕಿದ್ರೆ ಜಾಸ್ತಿ ಅನ್ಸ್ತಿದೆ. ನಾನೇ ತಪ್ಪಾ?

ನೀವು ತಪ್ಪಿಲ್ಲ. ಅದು ಫ್ಲ್ಯಾಟ್ ದರ ಇರಬೇಕು, ಅಂದರೆ ಬಾಕಿ ಇಳಿದರೂ ಶುರುವಿನ ಪೂರ್ತಿ ಸಾಲದ ಮೇಲೇ ಹಾಕುವ ಬಡ್ಡಿ. 1,20,000 ಸಾಲ, ಒಂದು ವರ್ಷ, ಫ್ಲ್ಯಾಟ್ 10% ಅಂದರೆ ಬಡ್ಡಿ 12,000, ತಿಂಗಳ ಕಂತು 11,000. ಆದರೆ ನೀವು ತಿಂಗಳು ತಿಂಗಳು ಅಸಲನ್ನೂ ವಾಪಸ್ ಕೊಡುತ್ತಿದ್ದೀರಿ. ಪೂರ್ತಿ 1,20,000 ನಿಮ್ಮ ಕೈಯಲ್ಲಿದ್ದದ್ದು ಮೊದಲ ತಿಂಗಳು ಮಾತ್ರ. ಇಳಿಯುವ ಬಾಕಿಯ ಮೇಲೆ ಲೆಕ್ಕ ಹಾಕಿದರೆ ಇದು ವರ್ಷಕ್ಕೆ ಸುಮಾರು 18% ಆಗುತ್ತದೆ. ತಿಂಗಳ ದರ ಹೇಳಿದಾಗಲೂ ಹೀಗೇ ಎಚ್ಚರ ಬೇಕು. ತಿಂಗಳಿಗೆ 3% ಅಂದರೆ, ಚಕ್ರಬಡ್ಡಿ ಸೇರಿ ವರ್ಷಕ್ಕೆ 42%ಗಿಂತ ಜಾಸ್ತಿ.

ತಿಂಗಳಿಗೆ ಚೂರು ಜಾಸ್ತಿ ಕಟ್ಟಿದ್ರೆ ಏನು ಮಹಾ ವ್ಯತ್ಯಾಸ ಆಗುತ್ತೆ?

ಒಂದು ಲಕ್ಷ ಸಾಲ, 12% ಬಡ್ಡಿ, ಐದು ವರ್ಷ ಅಂದರೆ ಕಂತು 2,224. ಮೊದಲ ತಿಂಗಳು ಅದರಲ್ಲಿ 1,000 ಬಡ್ಡಿಗೇ ಹೋಗುತ್ತದೆ. ಶುರುವಿನಿಂದಲೇ ತಿಂಗಳಿಗೆ 500 ಜಾಸ್ತಿ ಕಟ್ಟಿದರೆ 60 ತಿಂಗಳ ಸಾಲ 46 ತಿಂಗಳಲ್ಲಿ ಮುಗಿಯುತ್ತದೆ, ಬಡ್ಡಿಯಲ್ಲಿ 8,000ಕ್ಕೂ ಹೆಚ್ಚು ಉಳಿಯುತ್ತದೆ. ಹೆಚ್ಚು ಕಟ್ಟಿದ್ದನ್ನು ಮುಂದಿನ ಕಂತಿಗೆ ಇಟ್ಟುಕೊಳ್ಳದೆ ಅಸಲಿಗೇ ಜಮಾ ಮಾಡಿ ಅಂತ ಬರೆದು ಕೊಡಿ. ಮುಂಚೆ ತೀರಿಸಿದರೆ ದಂಡ ಇದೆಯಾ ಅಂತಲೂ ಕೇಳಿ.

ಎಲ್ಲಾ ಸಾಲ ಸೇರಿಸಿ ಕಡಿಮೆ ಬಡ್ಡಿಗೆ ಒಂದೇ ದೊಡ್ಡ ಸಾಲ ಮಾಡೋದು ಒಳ್ಳೇದಾ?

ಬಡ್ಡಿ ಕಡಿಮೆ ಅನ್ನುವುದನ್ನು ಮಾತ್ರ ನೋಡಿದರೆ ಮೋಸ ಹೋಗುತ್ತೀರಿ. ಒಂದು ಲಕ್ಷಕ್ಕೆ 18% ಬಡ್ಡಿ, ಎರಡು ವರ್ಷ ಅಂದರೆ ಒಟ್ಟು ಬಡ್ಡಿ ಸುಮಾರು 19,800. ಅದೇ ಒಂದು ಲಕ್ಷವನ್ನು 12%ಗೆ ಐದು ವರ್ಷಕ್ಕೆ ಮಾಡಿಕೊಂಡರೆ ಸುಮಾರು 33,500. ಕಂತು ಹಗುರಾಗುತ್ತದೆ, ಹೊರೆ ದೊಡ್ಡದಾಗುತ್ತದೆ. ಹೊಸ ಸಾಲ ಮಾಡಿಯೂ ಹಳೆಯ ಕಂತಿನಷ್ಟೇ ಕಟ್ಟುತ್ತೇನೆ ಅನ್ನುವವರಿಗೆ ಮಾತ್ರ ಇದು ಲಾಭ. ಖಾಲಿಯಾದ ಕಾರ್ಡ್‌ಗಳನ್ನು ಮತ್ತೆ ಉಜ್ಜುವ ಅಭ್ಯಾಸ ಇದ್ದರೆ ಬೇಡವೇ ಬೇಡ. ಹಾಗೆಯೇ, ಅಡ ಇಲ್ಲದ ಸಾಲ ತೀರಿಸಲು ಮನೆಯನ್ನು ಅಡ ಇಡುವ ಮುಂಚೆ ಹತ್ತು ಸಲ ಯೋಚಿಸಿ.

ಸಂಬಂಧಿಕರು ಬಡ್ಡಿ ಇಲ್ಲದೆ ಕೊಡ್ತೀವಿ ಅಂತಾರೆ. ತಗೊಳ್ಲಾ?

ತಗೊಳ್ಳಿ, ಆದರೆ ಬರೆದುಕೊಂಡು. ಎಷ್ಟು, ಯಾವ ತಿಂಗಳಿಂದ, ತಿಂಗಳಿಗೆ ಎಷ್ಟು, ತಪ್ಪಿದರೆ ಯಾರು ಮೊದಲು ಮಾತಾಡಬೇಕು. ನಂಬಿಕೆ ಇಲ್ಲ ಅಂತಲ್ಲ, ಇಬ್ಬರಿಗೂ ನೆನಪಿರುವುದು ಬೇರೆ ಬೇರೆ ಆಗುತ್ತದೆ, ಅದಕ್ಕೆ. ಬಡ್ಡಿ ಇಲ್ಲ ಅಂತ ಇದನ್ನು ಪಟ್ಟಿಯ ಕೊನೆಗೆ ತಳ್ಳುತ್ತಾರೆ. ಸಣ್ಣದಾದರೂ ಪ್ರತಿ ತಿಂಗಳು ಕೊಡಿ. ಕೊಡುವವರಿಗೂ ಒಂದು ಮಾತು: ವಾಪಸ್ ಬರದಿದ್ದರೂ ಮುಖ ನೋಡಿ ಮಾತಾಡಬಲ್ಲೆ ಅನ್ನುವಷ್ಟೇ ಕೊಡಿ.

ಅಣ್ಣ ಜಾಮೀನು ಹಾಕು ಅಂತಿದ್ದಾನೆ. ಬರೀ ಸಹಿ ತಾನೇ?

ಬರೀ ಸಹಿ ಅಲ್ಲ. ಅವನು ಕಟ್ಟದಿದ್ದರೆ ಪೂರ್ತಿ ಬಾಕಿಗೆ ನೀವೇ ಹೊಣೆ. ನೀವೇ ಸಾಲ ತೀರಿಸುತ್ತಿರುವಾಗ ಹಾಕಬೇಡಿ. ಬೇಜಾರಾಗಲಿ, ಪರವಾಗಿಲ್ಲ.

## ಕೈ ಮೀರಿದಾಗ

ಈ ತಿಂಗಳು ಕಂತು ಕಟ್ಟೋಕೆ ಆಗೋದೇ ಇಲ್ಲ. ಏನು ಮಾಡ್ಲಿ?

ತಾರೀಖು ದಾಟುವ ಮುಂಚೆ ಸಾಲ ಕೊಟ್ಟವರಿಗೆ ತಿಳಿಸಿ. ತಪ್ಪಿದ ಮೇಲೆ ಮಾತಾಡುವುದಕ್ಕೂ ಮುಂಚೆಯೇ ಮಾತಾಡುವುದಕ್ಕೂ ತುಂಬಾ ವ್ಯತ್ಯಾಸ. ಕಂತು ತಗ್ಗಿಸುವುದು, ಅವಧಿ ಹೆಚ್ಚಿಸುವುದು, ಕೆಲವು ತಿಂಗಳು ಬಡ್ಡಿ ಮಾತ್ರ ಕಟ್ಟುವುದು, ಇಂಥ ದಾರಿಗಳು ಎಷ್ಟೋ ಕಡೆ ಇರುತ್ತವೆ. ಕೇಳದೆ ಸಿಗುವುದಿಲ್ಲ. ಒಪ್ಪಿಕೊಂಡದ್ದನ್ನು ಬರಹದಲ್ಲಿ ತಗೊಳ್ಳಿ. ನಿಜಕ್ಕೂ ಕಟ್ಟಬಲ್ಲಷ್ಟೇ ಹೇಳಿ. ಫೋನಿನ ಆ ತುದಿಯವರ ಒತ್ತಾಯಕ್ಕೆ ಒಪ್ಪಿಕೊಂಡ ಮೊತ್ತ ಮುಂದಿನ ತಿಂಗಳು ಮತ್ತೆ ತಪ್ಪುತ್ತದೆ.

ಹಣ ಎಲ್ಲದಕ್ಕೂ ಸಾಲದಾಗ ಮೊದಲು ಊಟ, ಔಷಧಿ, ಇರುವ ಮನೆ, ವಿದ್ಯುತ್, ನೀರು, ಕೆಲಸಕ್ಕೆ ಹೋಗುವ ಖರ್ಚು. ಆಮೇಲೆ ಅಡ ಇಟ್ಟ ಸಾಲ. ಅಡ ಇಲ್ಲದವು ಕೊನೆಗೆ. ಆದರೆ ಯಾರು ಜೋರಾಗಿ ಕಿರುಚುತ್ತಾರೋ ಅವರಿಗೇ ಮೊದಲು ಕೊಡಬೇಕು ಅನಿಸುತ್ತದೆ. ಕಿರುಚುವವರು ಹೆಚ್ಚಾಗಿ ಈ ಕೊನೆಯ ಸಾಲಿನವರೇ.

ಅರ್ಧ ಕಟ್ಟಿ, ಸೆಟಲ್ ಮಾಡ್ತೀವಿ ಅಂತ ಫೋನ್ ಬಂತು. ಒಪ್ಕೋಬಹುದಾ?

ಒಂದು ಕಾಸು ಕಟ್ಟುವ ಮುಂಚೆ, ಉಳಿದದ್ದನ್ನು ಬಿಟ್ಟಿದ್ದೇವೆ ಅನ್ನುವ ಪತ್ರ ಸಾಲ ಕೊಟ್ಟ ಸಂಸ್ಥೆಯಿಂದಲೇ ಬರಬೇಕು. ಫೋನ್ ಮಾಡಿದವರ ಸ್ವಂತ ಖಾತೆಗೆ ಹಣ ಹಾಕಬೇಡಿ. ನಿಮ್ಮ ಸಾಲದ ದಾಖಲೆಯಲ್ಲಿ (ಕ್ರೆಡಿಟ್ ರಿಪೋರ್ಟ್) ಇದು ಪೂರ್ತಿ ತೀರಿದ ಸಾಲ ಅಂತ ಕಾಣುವುದಿಲ್ಲ, ಮುಂದೆ ಸಾಲ ಸಿಗುವುದು ಕಷ್ಟವಾಗಬಹುದು. ಬಿಟ್ಟುಕೊಟ್ಟ ಮೊತ್ತವನ್ನು ಆದಾಯ ಅಂತ ಎಣಿಸಿ ತೆರಿಗೆ ಹಾಕುವ ದೇಶಗಳೂ ಇವೆ. ಇದೆಲ್ಲ ಗೊತ್ತಿದ್ದೂ ಬೇರೆ ದಾರಿ ಇಲ್ಲ ಅಂದರೆ ಒಪ್ಪಿಕೊಳ್ಳುವುದರಲ್ಲಿ ನಾಚಿಕೆಯೇನಿಲ್ಲ.

ನಾನೇ ಇಲ್ದೇ ಹೋದ್ರೆ ಮನೆಯವರಿಗೆ ಒಳ್ಳೇದು ಅನ್ಸೋಕೆ ಶುರುವಾಗಿದೆ.

ಇದನ್ನು ಇವತ್ತೇ, ಈಗಲೇ ಒಬ್ಬರಿಗೆ ಬಾಯಿಬಿಟ್ಟು ಹೇಳಿ. ಮನೆಯವರು, ಗೆಳೆಯರು, ವೈದ್ಯರು, ನಿಮ್ಮಲ್ಲಿರುವ ಆತ್ಮಹತ್ಯೆ ತಡೆ ಸಹಾಯವಾಣಿ, ಯಾರಾದರೂ ಸರಿ. ಒಬ್ಬರೇ ಇರಬೇಡಿ. ಸಾಲಕ್ಕೆ ಮಾತುಕತೆ ಇದೆ, ಕಂತು ಬದಲಾವಣೆ ಇದೆ, ಏನೂ ಆಗದಿದ್ದರೆ ಎಷ್ಟೋ ದೇಶಗಳ ಕಾನೂನಿನಲ್ಲಿ ದಿವಾಳಿಯ ದಾರಿಯೂ ಇದೆ. ನೀವು ಇಲ್ಲದ ಮನೆಗೆ ಯಾವ ದಾರಿಯೂ ಒಳ್ಳೆಯದಲ್ಲ. ಈ ಮಾತನ್ನು ಯಾರಾದರೂ ನಿಮ್ಮ ಹತ್ತಿರ ಹೇಳಿದರೆ ಬುದ್ಧಿವಾದ ಬೇಡ, ಸಾಲದ ಲೆಕ್ಕವೂ ಬೇಡ. ಅವರ ಜೊತೆಗೇ ಇದ್ದು, ಸಹಾಯ ಸಿಗುವ ಕಡೆಗೆ ಕರೆದುಕೊಂಡು ಹೋಗಿ.

ಕೊನೇ ಸಾಲ ತೀರ್ತು! ಈಗ ಏನು ಮಾಡ್ಬೇಕು?

ಮೊದಲು ಕಾಗದದ ಕೆಲಸ. ಬಾಕಿ ಏನೂ ಇಲ್ಲ ಅನ್ನುವ ಪತ್ರ ತಗೊಳ್ಳಿ. ಅಡ ಇಟ್ಟ ದಾಖಲೆ, ಖಾಲಿ ಚೆಕ್ ಕೊಟ್ಟಿದ್ದರೆ ಚೆಕ್, ಎಲ್ಲ ವಾಪಸ್ ಕೇಳಿ. ಬ್ಯಾಂಕ್ ಖಾತೆಯಿಂದ ತಾನಾಗಿ ಕಡಿತವಾಗುತ್ತಿದ್ದ ಆದೇಶ ರದ್ದು ಮಾಡಿಸಿ. ಒಂದೆರಡು ತಿಂಗಳು ಬಿಟ್ಟು ನಿಮ್ಮ ಸಾಲದ ದಾಖಲೆಯಲ್ಲಿ ಖಾತೆ ಮುಚ್ಚಿದೆ ಅಂತ ಬಂದಿದೆಯಾ ನೋಡಿ, ಬಂದಿಲ್ಲದಿದ್ದರೆ ಆ ಪತ್ರ ಇಟ್ಟು ದೂರು ಕೊಡಿ.

ಜಾಮೀನು ಹಾಕಿದವರಿಗೆ, ಕೈಸಾಲ ಕೊಟ್ಟವರಿಗೆ, ಫೋನ್ ಮಾಡುವಾಗ ಪಕ್ಕ ಕೂತವರಿಗೆ ಮುಗಿಯಿತು ಅಂತ ತಿಳಿಸಿ. ಅವರಲ್ಲಿ ಕೆಲವರು ಕೇಳಲು ಮುಜುಗರಪಟ್ಟು ಇಷ್ಟು ದಿನ ಸುಮ್ಮನಿದ್ದಿರಬಹುದು. ಒಂದು ದಿನ ಎಲ್ಲರೂ ಖುಷಿಯಾಗಿರಿ, ಸಾಲ ಮಾಡದೆ. ಮುಂದಿನ ತಿಂಗಳ ಅದೇ ತಾರೀಖಿಗೆ ಅದೇ ಕಂತಿನ ಹಣವನ್ನು ನಿಮ್ಮದೇ ಉಳಿತಾಯ ಖಾತೆಗೆ ಹಾಕಿ. ಅದಿಲ್ಲದೆ ಬದುಕುವ ಅಭ್ಯಾಸ ಮನೆಗೆ ಆಗಲೇ ಆಗಿದೆ. ಮೂರರಿಂದ ಆರು ತಿಂಗಳ ಖರ್ಚಿನಷ್ಟು ಸೇರುವವರೆಗೆ ಆ ಕಂತನ್ನು ನಿಲ್ಲಿಸಬೇಡಿ.